ಪಾದಯಾತ್ರೆಯ ಬೆವರು ಮತ್ತು ದೇಹದ ಲವಣಗಳು

ಯುಗಾದಿಗೆ ಮುನ್ನ ಬಾಗಲಕೋಟೆ, ವಿಜಯಪುರ, ಬೆಳಗಾವಿ ಮೊದಲಾದ ಜಿಲ್ಲೆಗಳಿಂದ ಸಹಸ್ರಾರು ಭಕ್ತರು ಶ್ರೀಶೈಲ ಮಲ್ಲಿಕಾರ್ಜುನನ ದರ್ಶನಕ್ಕೆ ಕಾಲ್ನಡಿಗೆಯಲ್ಲಿ ಹೊರಡುತ್ತಾರೆ. ಹಲವು ದಿನಗಳ ಬಿಸಿಲ ನಡಿಗೆಯ ಕೊನೆಯಲ್ಲಿ ನಲ್ಲಮಲದ ಕಾಡು, ಭೀಮನಕೊಳ್ಳದ ಏರು. ವರ್ಷವಿಡೀ ಅಂಗಡಿಯ ಗಾದಿಯಲ್ಲಿ ಕುಳಿತವರೂ ಅಂದು ಮುಂಜಾನೆಯಿಂದ ಸಂಜೆಯವರೆಗೆ ನಡೆಯುವರು. ಮನಸ್ಸಿಗೆ ಇದು ಭಕ್ತಿ. ಶರೀರಕ್ಕೆ ಮಾತ್ರ ಅತಿವ್ಯಾಯಾಮ.

ಬಲವಂತನಾದವನೂ ತನ್ನ ಶಕ್ತಿಯ ಅರ್ಧದಷ್ಟೇ ವ್ಯಾಯಾಮ ಮಾಡಬೇಕೆಂಬುದು ಆಯುರ್ವೇದದ ಮಾತು. ಹಣೆ, ಮೂಗು, ಕಂಕುಳಲ್ಲಿ ಬೆವರು ಮೂಡಿ, ಬಾಯಿ ಒಣಗಿ, ಬಾಯಿಂದ ಉಸಿರಾಡುವಂತಾದರೆ ಅರ್ಧಶಕ್ತಿ ಮುಗಿಯಿತೆಂದು ತಿಳಿಯಬೇಕು. ಬೇಸಿಗೆಯಲ್ಲಿ ಇನ್ನೂ ಕಡಿಮೆ. ಪಂಚಾಂಗದ ಲೆಕ್ಕದಲ್ಲಿ ಯುಗಾದಿಗೆ ಮುನ್ನ ಇನ್ನೂ ಶಿಶಿರವೇ. ನಮ್ಮ ಸೀಮೆಯ ಬಿಸಿಲಿಗೆ ಆ ಲೆಕ್ಕ ತಿಳಿಯದು!

ಬೆವರೆಂದರೆ ಬರಿಯ ನೀರಲ್ಲ. ಒಂದು ಲೀಟರ್ ಬೆವರಿನೊಡನೆ ಸುಮಾರು 1ರಿಂದ 4 ಗ್ರಾಂ ಉಪ್ಪು ಹೊರಹೋಗುತ್ತದೆ. ಒಣಗಿದ ಅಂಗಿಯ ಬೆನ್ನಿನ ಮೇಲೆ ಬಿಳಿಯ ಗೆರೆ ಕಾಣುವವರು ಹೆಚ್ಚು ಉಪ್ಪು ಕಳೆದುಕೊಳ್ಳುವವರು. ಬಿಸಿಲಿನಲ್ಲಿ ದುಡಿದು ರೂಢಿಯಾದ ರೈತನ ಬೆವರಿನಲ್ಲಿ ಉಪ್ಪಿನಂಶ ಕಡಿಮೆ. ಹತ್ತು ಹದಿನಾಲ್ಕು ದಿನಗಳ ಅಭ್ಯಾಸದಿಂದ ದೇಹವು ಉಪ್ಪನ್ನು ಉಳಿಸಿಕೊಳ್ಳಲು ಕಲಿಯುತ್ತದೆ. ಆದುದರಿಂದ ಯಾತ್ರೆಗೆ ಎರಡು ವಾರ ಮೊದಲೇ ದಿನವೂ ಸ್ವಲ್ಪ ಸ್ವಲ್ಪ ನಡೆದು ರೂಢಿ ಮಾಡಿಕೊಳ್ಳುವುದು ಯಾವ ಔಷಧಿಗಿಂತಲೂ ಮೇಲು. ಪೊಟ್ಯಾಸಿಯಮ್, ಮೆಗ್ನೀಸಿಯಮ್‌ಗಳು ಬೆವರಿನಲ್ಲಿ ಹೋಗುವುದು ಅಲ್ಪ. ಕಠಿಣ ಶ್ರಮದ ವೇಳೆ ಸ್ನಾಯುಗಳಿಂದ ಪೊಟ್ಯಾಸಿಯಮ್ ರಕ್ತಕ್ಕೆ ಇಳಿದು, ವಿಶ್ರಾಂತಿಯಾದ ಕೆಲವೇ ನಿಮಿಷಗಳಲ್ಲಿ ಮರಳುತ್ತದೆ. ಆರೋಗ್ಯವಂತರು ಇದಕ್ಕಾಗಿ ಗುಳಿಗೆ ನುಂಗಬೇಕಿಲ್ಲ.

ನಿಜವಾದ ಅಪಾಯವಿರುವುದು ಸೋಡಿಯಂನಲ್ಲಿ. ಒಂದು ಲೀಟರ್ ರಕ್ತದ್ರವದಲ್ಲಿ ಅದು 135ರಿಂದ 145 ಮಿಲಿಮೋಲ್ ಇರಬೇಕು. ಉಪ್ಪು ಬೆವರಾಗಿ ಹೋಗುತ್ತಿರುವಾಗ ಬರಿಯ ನೀರನ್ನೇ ಮಿತಿಮೀರಿ ಕುಡಿದರೆ ರಕ್ತ ತೆಳುವಾಗುತ್ತದೆ. ಹೆಚ್ಚಿನ ನೀರನ್ನು ಮೂತ್ರಪಿಂಡಗಳು ಹೊರಹಾಕಬಾರದೇ ಎಂದು ಕೇಳಬಹುದು. ಆದರೆ ದೀರ್ಘಶ್ರಮದ ಹೊತ್ತಿನಲ್ಲಿ ನೀರನ್ನು ಹಿಡಿದಿಡುವ ಹಾರ್ಮೋನು ಹೆಚ್ಚಾಗಿ ಮೂತ್ರ ಕಡಿಮೆಯಾಗುತ್ತದೆ. ಉಳಿದ ನೀರು ಜೀವಕೋಶಗಳೊಳಗೆ ಸೇರುತ್ತದೆ, ಮೆದುಳು ಊದಿಕೊಳ್ಳುತ್ತದೆ. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ 488 ಓಟಗಾರರ ರಕ್ತವನ್ನು ಪರೀಕ್ಷಿಸಿದಾಗ ಶೇಕಡಾ 13ರಷ್ಟು ಮಂದಿಯಲ್ಲಿ ಸೋಡಿಯಂ ತಗ್ಗಿತ್ತು. ಓಟದ ನಡುವೆ ತೂಕ ಕಳೆದುಕೊಳ್ಳುವ ಬದಲು ಹೆಚ್ಚಿಸಿಕೊಂಡವರಲ್ಲಿಯೇ ಇದು ಎದ್ದು ಕಂಡಿತು, ಅಂದರೆ ಬೆವರಿದ್ದಕ್ಕಿಂತ ಹೆಚ್ಚು ಕುಡಿದವರಲ್ಲಿ.

ದಾಸೋಹದ ಅರವಟ್ಟಿಗೆಗಳಲ್ಲಿ ಸೇವೆ ಮಾಡುವ ಶರಣ ಬಂಧುಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ಯಾತ್ರಿಕನೊಬ್ಬ ತಲೆ ಹಿಡಿದು ಕುಳಿತರೆ ನಾವು ಪ್ರೀತಿಯಿಂದ ಚೊಂಬು ಚೊಂಬು ನೀರು ಕುಡಿಸುತ್ತೇವೆ. ನಾಲಿಗೆ ಒಣಗಿ, ಬಾಯಾರಿ, ಮೂತ್ರ ಗಾಢ ಹಳದಿಯಾದವನಿಗೆ ಅದು ಸರಿ. ಆದರೆ ದಾರಿಯುದ್ದಕ್ಕೂ ನೀರು ಕುಡಿಯುತ್ತ ಬಂದು, ಹೊಟ್ಟೆ ಉಬ್ಬರಿಸಿ, ವಾಕರಿಕೆ ಬಂದು, ಬೆರಳಿನ ಉಂಗುರ ಬಿಗಿಯಾಗಿ, ತಲೆನೋವೆನ್ನುವವನಿಗೆ ಮತ್ತೆ ಬರಿ ನೀರು ಕೊಡಬಾರದು. ಅವನು ತೊದಲಿದರೆ, ಗುರುತು ತಪ್ಪಿದರೆ, ಫಿಟ್ಸ್ ಬಂದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸಾಗಿಸಿರಿ. ಮೈ ಕಾದ ಹೆಂಚಿನಂತಿದ್ದರೆ ಬಿಸಿಲಾಘಾತವಿರಬಹುದು. ವಾಹನ ಬರುವವರೆಗೆ ನೆರಳಿನಲ್ಲಿ ಮಲಗಿಸಿ, ಮೈಮೇಲೆ ತಣ್ಣೀರು ಸುರಿಯುತ್ತ ಗಾಳಿ ಹಾಕುತ್ತಿರಬೇಕು. ಇಲ್ಲಿ ಮನೆಮದ್ದಿಗೆ ಅವಕಾಶವಿಲ್ಲ.

ನಡೆಯುವಾಗ ಬಾಯಾರಿಕೆಯಾದಷ್ಟು ಕುಡಿಯಬೇಕು, ಗುಟುಕು ಗುಟುಕಾಗಿ. ಒಂದು ಲೀಟರ್ ತೆಳು ಮಜ್ಜಿಗೆಗೆ ಅರ್ಧ ಚಹಾ ಚಮಚ ಉಪ್ಪು, ತುಸು ಜೀರಿಗೆ, ಶುಂಠಿ ಸೇರಿಸಿದರೆ ನೀರು, ಲವಣ, ದೀಪನ ಮೂರೂ ದೊರೆತವು. ಉಪ್ಪು ಹಾಕಿದ ಜೋಳದ ಅಂಬಲಿಯೂ ಉತ್ತಮ. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಮ್ ಹೆಚ್ಚು, ಸೋಡಿಯಂ ಕಡಿಮೆ, ಅದೊಂದನ್ನೇ ನಂಬಬಾರದು. ಕೆಲವರು ಯಾತ್ರೆಯ ದಿನಗಳಲ್ಲಿ ಉಪ್ಪು ಬಿಡುವ ನೇಮ ಹಿಡಿಯುವುದುಂಟು. ನೇಮ ಬೇಕೆನಿಸಿದರೆ ಚಹಾ ಬಿಡಲಿ, ಎಲೆ ಅಡಿಕೆ ಬಿಡಲಿ, ಮೊಬೈಲನ್ನಾದರೂ ಬಿಡಲಿ. ಉಪ್ಪನ್ನು ಮಾತ್ರ ಬಿಡುವುದು ಬೇಡ.

ಇದು ದಿನವಿಡೀ ಬೆವರುವವರಿಗೆ ಹೇಳಿದ ಮಾತು. ಮನೆಯಲ್ಲಿರುವವರಿಗೆ ದಿನಕ್ಕೆ 5 ಗ್ರಾಂ ಒಳಗಿನ ಉಪ್ಪು ಸಾಕು. ರಕ್ತದೊತ್ತಡ, ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯುಳ್ಳವರು, ಅದರಲ್ಲಿಯೂ ಮೂತ್ರ ಹೆಚ್ಚಿಸುವ ಮಾತ್ರೆ ಸೇವಿಸುವವರು ಉಪ್ಪನ್ನಾಗಲಿ ಎಳನೀರನ್ನಾಗಲಿ ತಾವಾಗಿ ಹೆಚ್ಚಿಸಬಾರದು, ಮಾತ್ರೆಯನ್ನು ತಾವಾಗಿ ನಿಲ್ಲಿಸಲೂಬಾರದು. ಹೊರಡುವ ಒಂದು ತಿಂಗಳು ಮೊದಲು ತಮ್ಮ ವೈದ್ಯರನ್ನು ಕಂಡು, ರಕ್ತದ ಸೋಡಿಯಂ, ಪೊಟ್ಯಾಸಿಯಮ್, ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿಕೊಂಡು, ಮಾತ್ರೆಯ ಚೀಟಿಯನ್ನು ಜೋಳಿಗೆಯಲ್ಲಿಟ್ಟುಕೊಂಡೇ ಹೊರಡಬೇಕು.