ಪೆಟ್ಟಿಗೆಯ ರೇಷ್ಮೆ ಉಳಿಯಿತು, ಓಬವ್ವ ಬಂದಳು!

ಮೊನ್ನೆ ಭಾನುವಾರ ಚಳ್ಳಕೆರೆಯಿಂದ ದುರ್ಗಕ್ಕೆ ಬರುವ ಬೆಳಗಿನ ಬಸ್ಸಿನಲ್ಲಿದ್ದವರು ಈ ನೋಟ ಮರೆತಿರಲಾರರು. ಒಬ್ಬ ಕಾಲೇಜು ಹುಡುಗಿ, ಪಕ್ಕದಲ್ಲಿ ಅಜ್ಜಿ, ಅಜ್ಜಿಯ ಕೈಲೊಂದು ಒನಕೆ! "ಇದಕ್ಕೂ ಟಿಕೀಟು ತಗೋಬೇಕೇನಪ್ಪಾ?" ಎಂದು ಅಜ್ಜಿ ಕೇಳಿದರೆ, "ಬ್ಯಾಡ ಕಣಜ್ಜಿ, ಯಾರ ತಲೆಗೂ ತಾಗಿಸ್ಬ್ಯಾಡ ಅಷ್ಟೆ" ಎಂದ ಕಂಡಕ್ಟರು. ಬಸ್ಸೆಲ್ಲ ನಗು.

ಸವಾರಿ ಹೊರಟಿದ್ದು ಕೋಟೆಗೆ, ಫೋಟೋ ತೆಗೆಸಲು. ಕಥೆ, ಸಿನಿಮಾಗಳ ಪಾತ್ರಗಳ ವೇಷವನ್ನು ತಾವೇ ಹೊಲಿದು ತೊಟ್ಟು ಮೆರೆಯುವ ಈ ಹವ್ಯಾಸಕ್ಕೆ 'ಕಾಸ್‌ಪ್ಲೇ' ಎನ್ನುತ್ತಾರೆ. ಹೆಸರು ಹುಟ್ಟಿದ್ದು ಜಪಾನಿನಲ್ಲಿ. ನೊಬುಯುಕಿ ತಕಹಾಶಿ ಎಂಬುವರು 1983ರಲ್ಲಿ ಪತ್ರಿಕೆಯೊಂದರಲ್ಲಿ ಬಳಸಿದ ಪದ. ಬೆಂಗಳೂರಿನ ಕಾಮಿಕ್ ಕಾನ್ ಎಂಬ ಜಾತ್ರೆಗೆ ಇಂಥ ವೇಷದವರು ಸಾಲುಗಟ್ಟಿ ಬರುತ್ತಾರೆ. ಹಗಲುವೇಷ ಕಂಡ ನಮಗೆ ಇದೇನು ಹೊಸದೇ ಅಂತೀರಾ? ಸರಿಯೇ. ಆದರೆ ಇವರು ದವಸ ಕೇಳುವುದಿಲ್ಲ, ಫೋಟೋ ಕೇಳುತ್ತಾರೆ!

ಹುಡುಗಿ ಆರಿಸಿಕೊಂಡಿದ್ದು ನಮ್ಮ ಒನಕೆ ಓಬವ್ವನನ್ನು. ಅಜ್ಜಿಯ ಮದುವೆಯ ಮೊಳಕಾಲ್ಮೂರು ರೇಷ್ಮೆ ಸೀರೆಯನ್ನು ಕತ್ತರಿಸಿ, ವೀರಗಚ್ಚೆಯಂತೆ ಕಾಣುವ ಪೈಜಾಮ ಹೊಲಿಸುವುದು, ಜರಿ ಅಂಚನ್ನು ಸೊಂಟಪಟ್ಟಿ ಮಾಡುವುದು ಅವಳ ಲೆಕ್ಕ. ಎರಡೇ ನಿಮಿಷದಲ್ಲಿ ತೊಡಬಹುದು, ಬಿಚ್ಚಿಹೋಗುವ ಭಯವಿಲ್ಲ. ಟೈಲರು ಸೀರೆ ಬಿಡಿಸಿ ನೋಡಿ ಕತ್ತರಿ ಕೆಳಗಿಟ್ಟ. "ಕೈಮಗ್ಗದ್ದು ಕಣಮ್ಮಾ. ಒಂದ್ಸಲ ಕತ್ತರಿ ಹಾಕಿದ್ರೆ ಮತ್ತೆ ಸೀರೆ ಆಗಲ್ಲ. ಮೊದಲು ಅಜ್ಜೀನ ಕೇಳು."

ಕೇಳಿದಳು. ಮನೆಯಲ್ಲಿ ಎರಡು ದಿನ ಮಾತಿಲ್ಲ. ಮೂರನೆಯ ದಿನ ಅಜ್ಜಿ ತಾವೇ ಸೀರೆ ತಂದು ಮುಂದಿಟ್ಟರಂತೆ. "ಕತ್ತರಿಸ್ಕೊಳ್ಳವ್ವಾ. ಆದ್ರೆ ಓಬವ್ವ ಕಾವಲುಗಾರನ ಹೆಂಡ್ತಿ. ಗಂಡ ಉಣ್ಣಾಕೆ ಕುಂತಾಗ ನೀರು ತರಾಕೆ ಹೋದೋಳು. ರೇಷ್ಮೆ ಉಟ್ಕೊಂಡು ಹೋಗಿದ್ಲಾ?"

ಹುಡುಗಿ ತೆಪ್ಪಗಾದಳು. ನಿಜವೇ ಅಲ್ಲವೇ? ಹೈದರಾಲಿ ದುರ್ಗವನ್ನು ಗೆದ್ದದ್ದು 1779ರಲ್ಲಿ. ಆ ಕಾಲದ ಓಬವ್ವ ಹೇಗಿದ್ದಳೆಂದು ಕಂಡವರಾರು? ನಮ್ಮ ಕಣ್ಣಲ್ಲಿರುವವಳು 1972ರ 'ನಾಗರಹಾವು' ಚಿತ್ರದಲ್ಲಿ ಪುಟ್ಟಣ್ಣ ಕಣಗಾಲರು ತೋರಿಸಿದ, ಜಯಂತಿ ಅಭಿನಯಿಸಿದ ಓಬವ್ವ.

ರೇಷ್ಮೆ ಪೆಟ್ಟಿಗೆಗೆ ಮರಳಿತು. ಅಜ್ಜಿ ನಿತ್ಯ ಉಡುವ ಒಂಬತ್ತು ಗಜದ ನೂಲಿನ ಸೀರೆ ಹೊರಬಂತು. ಅಜ್ಜಿಯೇ ಕಚ್ಚೆ ಹಾಕಿ ಉಡಿಸಿದರು. ನೆರಿಗೆ ಜಾರದಂತೆ ಟೈಲರು ಒಳಗಡೆ ಕಚ್ಚಾ ಹೊಲಿಗೆ ಹಾಕಿದ, ಸೊಂಟಕ್ಕೊಂದು ಪಟ್ಟಿ ಕೂಡಿಸಿದ. ದಾರ ಎಳೆದರೆ ಸೀರೆ ಮತ್ತೆ ಸೀರೆಯೇ. ಕತ್ತರಿಗೆ ಕೆಲಸವೇ ಇಲ್ಲ!

ಒನಕೆಯದು ಇನ್ನೊಂದು ಕಥೆ. ಪೈಪಿಗೆ ಸ್ಪಂಜು ಸುತ್ತಿ ಬಣ್ಣ ಬಳಿದದ್ದೊಂದನ್ನು ಹುಡುಗಿ ಮಾಡಿಕೊಂಡಿದ್ದಳು. ಜನಜಂಗುಳಿಯ ಜಾತ್ರೆಗೆ ಅದೇ ಕ್ಷೇಮ. ಆದರೆ ಮನೆಯಲ್ಲಿ ಫೋಟೋ ತೆಗೆದು ನೋಡಿದರೆ ಮೋಸ ಬಯಲು: ಎತ್ತಿದ ತೋಳಿನಲ್ಲಿ ಭಾರವೇ ಇಲ್ಲ. ಅದಕ್ಕೇ ಅಜ್ಜಿಯ ಮರದ ಒನಕೆ ಬಸ್ಸು ಹತ್ತಿದ್ದು.

ನಾನೂ ಅವರ ಹಿಂದೆಯೇ ಕೋಟೆ ಹತ್ತಿದೆ. ಯಾವ ಚಿತ್ರ ಮೊದಲು, ಯಾರು ಎಲ್ಲಿ ನಿಲ್ಲಬೇಕು, ಎಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಳು. ಕೋಟೆ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ, ಕ್ಯಾಮೆರಾಕ್ಕೆ ಸ್ಟ್ಯಾಂಡು ಹೂಡಲು ಅನುಮತಿ ಬೇಕು. ಹಾಗಾಗಿ ಗೆಳತಿ ಕೈಯಲ್ಲೇ ಹಿಡಿದು ತೆಗೆದಳು. ಬಂಡೆಗಳ ನಡುವಿನ ಕಿಂಡಿಯಲ್ಲಿ ಬೆಳಕು ಸಾಲದು. ಅಪ್ಪನ ಬಿಳಿ ಪಂಚೆಯನ್ನು ಬಿಸಿಲಿಗೆ ಹಿಡಿದು ಮುಖಕ್ಕೆ ಬೆಳಕು ತಂದರು. ನೋಡುಗರು ಬಂದಾಗಲೆಲ್ಲ ಕೆಲಸ ನಿಲ್ಲಿಸಿ ದಾರಿ ಬಿಟ್ಟರು. ಹತ್ತು ಸಲ ಒನಕೆ ಎತ್ತುವಷ್ಟರಲ್ಲಿ ಹುಡುಗಿಯ ಭುಜ ಸೋತಿತು. ಮುಖದ ನಟನೆ ಹೋಗಿ ನಿಜವಾದ ದಣಿವು ಬಂತು.

ಕೊನೆಗೆ ಎಲ್ಲರೂ ಮೆಚ್ಚಿದ್ದು ಒನಕೆ ಎತ್ತಿದ ಚಿತ್ರವನ್ನಲ್ಲ. ನೀರಿನ ಕೊಡ ಪಕ್ಕದಲ್ಲಿಟ್ಟು, ಬಂಡೆಗೆ ಕಿವಿಗೊಟ್ಟು ನಿಂತ ಚಿತ್ರವನ್ನು. ಅಜ್ಜಿ ಹೇಳಿದ್ದು ಇಷ್ಟು: "ಹೊಡೆಯಾಕೆ ಯಾರಾದ್ರೂ ಹೊಡೀತಾರೆ. ಮೊದ್ಲು ಸಪ್ಪಳ ಕೇಳಿಸ್ಕೊಂಡ್ಲಲ್ಲ, ಅದು ದೊಡ್ಡದು."

ಜವಳಿ ಅಂಗಡಿಯ ಅಣ್ಣಂದಿರೇ, ನಾಳೆ ನಿಮ್ಮಲ್ಲಿಗೂ ಇಂಥ ಹುಡುಗರು ಬಂದಾರು. ಬೆಲೆ ಹೇಳುವ ಮುಂಚೆ, ಯಾವ ಪಾತ್ರವೆಂದು ಒಂದು ಮಾತು ಕೇಳಿ.

ಅಂದು ಸಂಜೆ ಟೈಲರು ದಾರ ಎಳೆದ. ಮರುದಿನ ಬೆಳಿಗ್ಗೆ ಓಬವ್ವನ ಸೀರೆ ಅಜ್ಜಿಯ ಮೈಮೇಲಿತ್ತು.