ಒಳಸುತ್ತಿನ ಸಂಗೀತ

ಹಳೆಯ ರೆಕಾರ್ಡುಗಳನ್ನು ಬಹುಕಾಲದ ಮೇಲೆ ಬೀರುವಿನಿಂದ ಹೊರತೆಗೆದು ಮತ್ತೆ ಕೇಳತೊಡಗಿದವರು, ಮೊದಲ ವಾರದ ಸಂಭ್ರಮವೆಲ್ಲ ಇಳಿದ ತರುವಾಯ, ಬಹುಮಟ್ಟಿಗೆ ಒಂದೇ ದೂರನ್ನು ಹೇಳುವುದುಂಟು: ತಟ್ಟೆಯ ಹೊರಸುತ್ತಿನಲ್ಲಿ ಅಷ್ಟು ನಿರ್ಮಲವಾಗಿ ಹರಿದುಬಂದ ಕಂಠವು ಒಳಸುತ್ತನ್ನು ಸಮೀಪಿಸಿದಂತೆಲ್ಲ ಮಸಕಾಗುತ್ತದೆ, ಸಕಾರ ಶಕಾರಗಳು ಸಿಡಿಯುತ್ತವೆ, ತಾರಸ್ಥಾಯಿಯ ಸ್ವರವು ಬಿರುಕುಬಿಟ್ಟ ಕಂಚಿನ ನಾದದಂತೆ ಒರಟಾಗುತ್ತದೆ. ಹಿಂದುಸ್ತಾನೀ ಸಂಗೀತದ ರಸಿಕರಿಗೆ ಈ ನೋವು ಇನ್ನೂ ಹೆಚ್ಚಿನದು. ಎಲ್‌.ಪಿ. ತಟ್ಟೆಯ ಒಂದು ಮಗ್ಗುಲಿನಲ್ಲಿ ದೊರೆಯುವ ಇಪ್ಪತ್ತು ನಿಮಿಷಗಳ ಆಸುಪಾಸಿನ ಅವಕಾಶದೊಳಗೆ ಗಾಯಕನು ವಿಲಂಬಿತ ಖ್ಯಾಲನ್ನು ಸಾವಧಾನವಾಗಿ ಅರಳಿಸಿ, ದ್ರುತಕ್ಕೆ ಇಳಿದು, ತಾನುಗಳ ಮಳೆಗರೆಯುವ ಹೊತ್ತಿಗೆ ಸರಿಯಾಗಿ ಮುಳ್ಳು ನಡುವಣ ಚೀಟಿಯ ಸಮೀಪಕ್ಕೆ ಬಂದಿರುತ್ತದೆ. ರಾಗವು ಶಿಖರವನ್ನು ಮುಟ್ಟುವ ಆ ಎಡೆಯೇ ತಟ್ಟೆಯ ಶಕ್ತಿ ಅತ್ಯಂತ ಕುಂದಿದ ಎಡೆಯಾಗಿರುವುದು ಈ ಮಾಧ್ಯಮದ ಜಾತಕದಲ್ಲಿಯೇ ಬರೆದ ದೋಷ. ಭೀಮಸೇನ ಜೋಶಿಯವರ ಒಂದು ತಟ್ಟೆಯ ಕಡೆಯ ನಾಲ್ಕು ನಿಮಿಷಗಳನ್ನು ನಾನು ಎಷ್ಟೋ ವರ್ಷ ಸಹಿಸಿಕೊಂಡು ಕೇಳಿದೆನೇ ಹೊರತು ಸವಿದು ಕೇಳಲಿಲ್ಲ.

ಕಾರಣವನ್ನು ಶಾಲೆಯ ಗಣಿತದಿಂದಲೇ ತಿಳಿಯಬಹುದು. ಎಲ್‌.ಪಿ. ತಟ್ಟೆಯು ನಿಮಿಷಕ್ಕೆ ಮೂವತ್ಮೂರು ಸುತ್ತು ಮತ್ತು ಮೂರನೆಯ ಒಂದು ಪಾಲಿನಷ್ಟು ತಿರುಗುತ್ತದೆ. ಆ ವೇಗ ಮೊದಲಿನಿಂದ ಕೊನೆಯವರೆಗೆ ಬದಲಾಗುವುದಿಲ್ಲ. ಆದರೆ ಹೊರಸುತ್ತು ದೊಡ್ಡದು, ಒಳಸುತ್ತು ಚಿಕ್ಕದು. ಆದುದರಿಂದ ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರು ಗೆರೆ ಹರಿದುಹೋದರೆ, ಕೇಂದ್ರದಿಂದ 6 ಸೆಂಟಿಮೀಟರು ದೂರದ ಒಳಸುತ್ತಿನಲ್ಲಿ ಹರಿಯುವುದು ಸುಮಾರು 21 ಸೆಂಟಿಮೀಟರು ಮಾತ್ರ. ಸೆಕೆಂಡಿಗೆ ಹತ್ತು ಸಾವಿರ ಸಲ ಕಂಪಿಸುವ ಒಂದು ಸೂಕ್ಷ್ಮನಾದವನ್ನು, ತಂಬೂರಿಯ ಜೀವಾಳದಿಂದ ಹೊಮ್ಮುವ ಮಿನುಗಿನಂಥದನ್ನು, ತೆಗೆದುಕೊಂಡರೆ, ಅದರ ಒಂದೊಂದು ಅಲೆಗೆ ಹೊರಗೆ 51 ಮೈಕ್ರಾನಿನ ನೆಲ ದೊರೆತರೆ ಒಳಗೆ ದೊರೆಯುವುದು 21 ಮೈಕ್ರಾನು. ಮೈಕ್ರಾನು ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ವಿಶಾಲವಾದ ಹಾಳೆಯಲ್ಲಿ ಬಿಡಿಸಿ ಬರೆದ ವಾಕ್ಯವನ್ನೇ ಅಂಚೆಚೀಟಿಯ ಮೇಲೆ ಒತ್ತಿ ಬರೆದಂತೆ ಇದು.

ಬರೆದದ್ದು ಇಷ್ಟು ಸಣ್ಣಗಿರಲಿ, ಓದುವ ಕಣ್ಣು ಚುರುಕಾಗಿದ್ದರೆ ಸಾಕಲ್ಲವೆ? ಹೌದು. ಮುಳ್ಳನ್ನು ಹಿಡಿದಿರುವ ಸಾಮಾನ್ಯವಾದ ಕಾರ್ಟ್ರಿಜ್ಜುಗಳಲ್ಲಿರುವ ವಜ್ರದ ಮೊನೆಯಾದರೋ ಉರುಟಾದುದು. ಅದರ ತುದಿಯ ತ್ರಿಜ್ಯ 15ರಿಂದ 18 ಮೈಕ್ರಾನು. ಮೂಲತಟ್ಟೆಯ ಮೇಲೆ ಗೆರೆಯನ್ನು ಕೊರೆದ ಸಾಧನವು ಉಳಿಯಂತೆ ಹರಿತವಾದ ಅಂಚುಳ್ಳದ್ದು. ಅದು ಕೊರೆದುದನ್ನು ಓದಹೊರಟದ್ದು ಗುಂಡು. ಹೊರಸುತ್ತಿನ ಅಗಲವಾದ ಅಲೆಗಳಲ್ಲಿ ಗುಂಡು ಸಲೀಸಾಗಿ ಇಳಿದು ಏರುತ್ತದೆ. ಒಳಸುತ್ತಿನ ಕಿರಿದಾದ ಏರಿಳಿತಗಳಲ್ಲಿ ಅದು ತಳವನ್ನು ಮುಟ್ಟಲಾರದೆ ಮೇಲೆ ಮೇಲೆಯೇ ಉರುಳಿಹೋಗುತ್ತದೆ, ಎತ್ತಿನಗಾಡಿಯ ಚಕ್ರವು ಸಣ್ಣ ಗುಳಿಗಳನ್ನು ಲೆಕ್ಕಿಸದೆ ಸಾಗುವ ಹಾಗೆ. ಹೀಗೆ ನಷ್ಟವಾಗುವ ಸಂಗೀತವು ತಟ್ಟೆಯಿಂದ ಅಳಿಸಿಹೋದುದಲ್ಲ. ಅದು ಗೆರೆಯಲ್ಲಿ ಇದ್ದೇ ಇದೆ. ಕಾರ್ಟ್ರಿಜ್ಜನ್ನು ಉತ್ತಮಗೊಳಿಸುವ ವಿಷಯದಲ್ಲಿ ಅಂಗಡಿಯವರು ಆಡುವ ಆಡಂಬರದ ಮಾತುಗಳೆಲ್ಲದರ ಕೆಳಗೆ ಇರುವ ಸತ್ಯ ಇಷ್ಟೇ.

ಈ ಗೆರೆಯ ಚರಿತ್ರೆಯನ್ನು ಸಂಕ್ಷೇಪವಾಗಿ ನೋಡೋಣ. ಎಡಿಸನ್ನನು 1877ರಲ್ಲಿ ತವರದ ಹಾಳೆ ಸುತ್ತಿದ ಉರುಳೆಯ ಮೇಲೆ ಧ್ವನಿಯನ್ನು ಹಿಡಿದನು. ಅದಕ್ಕೆ ಹತ್ತು ವರ್ಷಗಳ ಮೇಲೆ ಎಮಿಲ್ ಬರ್ಲಿನರನು ಚಪ್ಪಟೆ ತಟ್ಟೆಯನ್ನು ತಂದನು. 1902ರ ನವೆಂಬರಿನಲ್ಲಿ ಕಲ್ಕತ್ತೆಯ ಹೋಟೆಲೊಂದರಲ್ಲಿ ಗೋಹರ್ ಜಾನಳ ಗಾಯನ ಮುದ್ರಿತವಾದಾಗ ತಟ್ಟೆಗಳನ್ನು ಅಚ್ಚುಹಾಕುತ್ತಿದ್ದುದು ದೂರದ ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನ ಕೆಲಸಗಾರರಿಗೆ ಗುರುತು ಸಿಕ್ಕಲೆಂದು ಆಕೆ ಹಾಡಿನ ಕೊನೆಯಲ್ಲಿ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದಳು. ಆ ಕಾಲದ ತಟ್ಟೆಗಳ ಮೂಲದ್ರವ್ಯವಾದ ಅರಗು ಮಾತ್ರ ಬಹುಪಾಲು ನಮ್ಮ ದೇಶದ ಕಾಡುಗಳಿಂದಲೇ ಹೋಗುತ್ತಿತ್ತು. ಅರಗಿನೊಡನೆ ಕಲ್ಲಿನ ಪುಡಿಯನ್ನೂ ಬೆರೆಸುತ್ತಿದ್ದರು; ಉಕ್ಕಿನ ಮುಳ್ಳು ಗೆರೆಗೆ ಉಜ್ಜಿ ತಾನೇ ಸವೆದು ಗೆರೆಯ ಆಕಾರಕ್ಕೆ ಬರಲೆಂಬುದು ಅದರ ಉದ್ದೇಶ. ಪ್ರತಿಯೊಂದು ಮಗ್ಗುಲಿಗೂ ಹೊಸ ಮುಳ್ಳು ಬೇಕಾಗುತ್ತಿದ್ದುದು ಈ ಕಾರಣದಿಂದ.

ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದ ಅಂಥ ತಟ್ಟೆಯಲ್ಲಿ ಮೂರು ನಾಲ್ಕು ನಿಮಿಷಗಳಿಗೆ ಮೀರಿದ ಸಂಗೀತ ಹಿಡಿಯುತ್ತಿರಲಿಲ್ಲ. ಮೈಸೂರಿನ ಅರಸರಾಗಿದ್ದ ಜಯಚಾಮರಾಜೇಂದ್ರ ಒಡೆಯರು, ರಷ್ಯಾವನ್ನು ತೊರೆದು ಲಂಡನ್ನಿನಲ್ಲಿ ನೆಲೆಸಿದ್ದ ನಿಕೊಲಾಯ್ ಮೆಟ್ನರ್ ಎಂಬ ವೃದ್ಧ ಸಂಗೀತಕಾರನ ಕೃತಿಗಳನ್ನು 1940ರ ದಶಕದ ಉತ್ತರಾರ್ಧದಲ್ಲಿ ತಮ್ಮ ಧನದಿಂದ ತಟ್ಟೆಗಳ ಮೇಲೆ ಮುದ್ರಣ ಮಾಡಿಸಿದರು. ಕೃತಜ್ಞನಾದ ಆತನು ತನ್ನ ಮೂರನೆಯ ಪಿಯಾನೋ ಕನ್ಚೆರ್ಟೋವನ್ನು ಅವರಿಗೆ ಅರ್ಪಿಸಿದನು. ಅರ್ಧ ಗಂಟೆಗೂ ಮೀರಿದ ಆ ಕೃತಿಯನ್ನು ಕೇಳಬೇಕಾದವನು ನಾಲ್ಕು ನಾಲ್ಕು ನಿಮಿಷಗಳಿಗೊಮ್ಮೆ ಎದ್ದು ತಟ್ಟೆಯನ್ನು ತಿರುವಿಹಾಕಬೇಕಾಗಿತ್ತು. ಅದೇ ಕಾಲದಲ್ಲಿ, 1948ರ ಜೂನಿನಲ್ಲಿ, ಅಮೆರಿಕದ ಕೊಲಂಬಿಯಾ ಕಂಪನಿಯವರು ವಿನೈಲಿನ ಸೂಕ್ಷ್ಮಗೆರೆಯ ಎಲ್‌.ಪಿ.ಯನ್ನು ಹೊರತಂದರು. ನಮ್ಮಲ್ಲಿ ಅದರ ವೈಭವ ಕೆಲವು ದಶಕಗಳದ್ದು; 1978ರಲ್ಲಿ ನಿಸಾರ್ ಅಹಮದರ ‘ನಿತ್ಯೋತ್ಸವ’ವು ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ಟಾಗಿ ಮನೆಮನೆಗೆ ಬಂದಾಗಲೇ ತಟ್ಟೆಯ ದಿನಗಳು ಎಣಿಕೆಗೆ ಬಂದಿದ್ದುವು. ಆಮೇಲೆ ಸಿ.ಡಿ. ಬಂದಿತು. ಮತ್ತೆ 2022ರಲ್ಲಿ ಅಮೆರಿಕದ ಪೇಟೆಯಲ್ಲಿ ವಿನೈಲ್ ತಟ್ಟೆಗಳು 4 ಕೋಟಿ 10 ಲಕ್ಷ, ಸಿ.ಡಿ.ಗಳು 3 ಕೋಟಿ 30 ಲಕ್ಷ ಬಿಕರಿಯಾದುವು. ಸಂಖ್ಯೆಯಲ್ಲಿ ತಟ್ಟೆ ಹೀಗೆ ಮುಂದಾದುದು 1987ರಿಂದೀಚೆಗೆ ಅದೇ ಮೊದಲು. ಈ ಪುನರಾಗಮನವನ್ನು ಧ್ವನಿಯ ಶ್ರೇಷ್ಠತೆಯ ಪ್ರಮಾಣವೆಂದು ತಿಳಿಯುವವರನ್ನು ನಾನು ಒಪ್ಪಲಾರೆ. ಅಳತೆಗೋಲನ್ನು ಹಿಡಿದರೆ ಸದ್ದಿಲ್ಲದಿರುವಿಕೆಯಲ್ಲಾಗಲಿ ವೇಗದ ಸ್ಥಿರತೆಯಲ್ಲಾಗಲಿ ಸಿ.ಡಿ.ಯೇ ಮೇಲು. ನನ್ನ ಬೀರುವಿನಲ್ಲಿರುವ ಹಲವು ಕಛೇರಿಗಳು ತಟ್ಟೆಯನ್ನು ಬಿಟ್ಟು ಬೇರೆಲ್ಲಿಯೂ ನನಗೆ ದೊರೆತಿಲ್ಲವೆಂಬುದೇ ನಾನು ತಟ್ಟೆಗೆ ಮರಳಿದುದರ ಕಾರಣ.

ತಂದೆಯವರ ಕಾಲದ ಪ್ಲೇಯರಿನಲ್ಲಿದ್ದುದು ಹರಳಿನ ಕಾರ್ಟ್ರಿಜ್. ಒತ್ತಿದರೆ ವಿದ್ಯುತ್ತನ್ನು ಹೊಮ್ಮಿಸುವ ಒಂದು ಬಗೆಯ ಲವಣದ ಹರಳು ಅದರ ಪ್ರಾಣ. ನಮ್ಮ ಮಳೆಗಾಲದ ತೇವ ಅದಕ್ಕೆ ಶತ್ರು. ಗೆರೆಯ ಮೇಲೆ ಅದು ಊರುತ್ತಿದ್ದ ಭಾರವೂ ಅಲ್ಪವಲ್ಲ. ಈಗ ರೂಢಿಯಲ್ಲಿರುವವು ಎರಡು ಬಗೆ. ಒಂದರಲ್ಲಿ ಮುಳ್ಳನ್ನು ಹೊತ್ತ ಕಡ್ಡಿಯ ಬುಡದಲ್ಲಿ ಪುಟ್ಟ ಅಯಸ್ಕಾಂತವಿದ್ದು, ಅದು ಅಲುಗಿದಂತೆ ಪಕ್ಕದ ತಂತಿಸುರುಳಿಗಳಲ್ಲಿ ನಾಲ್ಕೈದು ಮಿಲಿವೋಲ್ಟಿನ ವಿದ್ಯುತ್ತು ಹುಟ್ಟುತ್ತದೆ. ಇನ್ನೊಂದರಲ್ಲಿ ಅಯಸ್ಕಾಂತ ನಿಂತಿರುತ್ತದೆ, ಸುರುಳಿಗಳು ಅಲುಗುತ್ತವೆ. ಜಪಾನಿನ ಡೆನಾನ್ ಡಿ.ಎಲ್‌. 103 ಈ ಎರಡನೆಯ ಜಾತಿಗೆ ಸೇರಿದ್ದು. 1960ರ ದಶಕದಲ್ಲಿ ಅಲ್ಲಿಯ ಆಕಾಶವಾಣಿಯ ಉಪಯೋಗಕ್ಕಾಗಿ ರೂಪಿಸಿದ್ದು. ಅದು ಕೊಡುವುದು ಸುಮಾರು 0.3 ಮಿಲಿವೋಲ್ಟು ಮಾತ್ರವಾದ್ದರಿಂದ ಧ್ವನಿವರ್ಧಕದ ಮೊದಲಿಗೆ ಇನ್ನೊಂದು ವರ್ಧಕ ಬೇಕು. ಮುಳ್ಳು ಸವೆದರೆ ಇಡೀ ಕಾರ್ಟ್ರಿಜ್ಜನ್ನೇ ಬದಲಿಸಬೇಕು. ಮೊದಲನೆಯ ಬಗೆಯಲ್ಲಿ ಮುಳ್ಳಿನ ಭಾಗವನ್ನಷ್ಟೇ ಬೆರಳಿನಿಂದ ಸೆಳೆದು ಬದಲಿಸಬಹುದು. ಗೃಹಸ್ಥನಿಗೆ ಅದೇ ಲೇಸು.

ನಾನು ಆರಿಸಿದುದು ಆಡಿಯೋ ಟೆಕ್ನಿಕಾದ ವಿ.ಎಮ್‌. 95 ಎಂಬ ಮಾಲೆಯನ್ನು. ಇದರ ಒಡಲು ಒಂದೇ. ಅದಕ್ಕೆ ಉರುಟುಮೊನೆ, ಅಂಡಾಕಾರದ ಮೊನೆ, ಮೈಕ್ರೋಲೈನ್, ಶಿಬಾಟ ಎಂದು ಹಲವು ಮೊನೆಗಳನ್ನು ತೊಡಿಸಬಹುದು. ಉರುಟುಮೊನೆಯಿಂದ ಆರಂಭಿಸಿ ಒಂದು ವರ್ಷದ ಮೇಲೆ ಮೈಕ್ರೋಲೈನನ್ನು ತರಿಸಿದೆನು. ಅದರ ಬದಿಯಂಚು ಸುಮಾರು 3 ಮೈಕ್ರಾನಿನಷ್ಟು ಸಪುರವಾದುದರಿಂದ 21 ಮೈಕ್ರಾನಿನ ಅಲೆಯೊಳಗೆ ಅದು ನಿರಾತಂಕವಾಗಿ ಇಳಿಯತಕ್ಕದ್ದು. ತೊಡಿಸಿದೆ, ಜೋಶಿಯವರ ತಟ್ಟೆಯನ್ನಿಟ್ಟೆ, ಕಡೆಯ ನಾಲ್ಕು ನಿಮಿಷಗಳಿಗಾಗಿ ಕಾದು ಕುಳಿತೆ. ಒರಟು ಹಾಗೆಯೇ ಇತ್ತು. ಹೇಳಬೇಕೆಂದರೆ ಒಂದು ಗುಲಗಂಜಿಯಷ್ಟು ಹೆಚ್ಚೇ ಆಗಿತ್ತು.

ಒಂದು ವಾರ ಹಣ ಪೋಲಾಯಿತೆಂದು ಕೊರಗಿ, ಕೊನೆಗೆ ವಾಲ್ವ್ ರೇಡಿಯೋಗಳ ಕಾಲದಿಂದ ಈ ಕೆಲಸ ಮಾಡಿಕೊಂಡು ಬಂದ ಹಿರಿಯ ಮೆಕ್ಯಾನಿಕರೊಬ್ಬರನ್ನು ಮನೆಗೆ ಕರೆತಂದೆ. ಅವರು ಧ್ವನಿಯನ್ನು ಕೇಳಲೇ ಇಲ್ಲ. ತೋಳನ್ನೊಮ್ಮೆ ಕಣ್ಣಿನ ಮಟ್ಟಕ್ಕೆ ಬಗ್ಗಿ ನೋಡಿ, “ಮುಳ್ಳು ಬದಲಾಯಿಸಿದೀರಿ ಸಾರ್, ಹೆಡ್ಡು ಮೊದಲಿಂದಲೂ ನೆಟ್ಟಗೆ ಕೂತಿಲ್ಲ” ಎಂದರು.

ಅವರ ಮಾತಿನ ಅರ್ಥವನ್ನು ವಿಸ್ತರಿಸಿ ಹೇಳಬೇಕು. ಗೆರೆಯನ್ನು ಕೊರೆಯುವ ಯಂತ್ರದ ತಲೆಯು ಅಂಚಿನಿಂದ ಕೇಂದ್ರದ ಕಡೆಗೆ ನೇರವಾಗಿ ಸರಿಯುತ್ತದೆ. ಮನೆಯ ಟರ್ನ್‌ಟೇಬಲ್ಲಿನ ತೋಳು ಬಾಗಿಲಿನಂತೆ ಒಂದು ತಿರುಗುಣಿಯ ಮೇಲೆ ತಿರುಗುವುದರಿಂದ ಕಮಾನಿನ ಹಾದಿಯಲ್ಲಿ ಸಾಗುತ್ತದೆ. ನೇರ ಹಾದಿಗೂ ಕಮಾನು ಹಾದಿಗೂ ಎಲ್ಲೆಡೆಯೂ ಹೊಂದಿಕೆಯಾಗುವುದು ಅಸಾಧ್ಯ. ತೋಳಿನ ತುದಿಗೆ ಒಂದಿಷ್ಟು ಓರೆ ಕೊಟ್ಟು, ಮುಳ್ಳು ತಟ್ಟೆಯ ಕೇಂದ್ರವನ್ನು ಕೆಲವು ಮಿಲಿಮೀಟರು ದಾಟಿ ನಿಲ್ಲುವಂತೆ ಮಾಡಿದರೆ ಎರಡು ಎಡೆಗಳಲ್ಲಿ ಮಾತ್ರ ಪೂರ್ಣ ಹೊಂದಿಕೆಯಾಗುತ್ತದೆ, ಉಳಿದೆಡೆ ತಪ್ಪು ಸಹ್ಯವಾದಷ್ಟಕ್ಕೆ ಇಳಿಯುತ್ತದೆ. ಲೋಫ್‌ಗ್ರೆನ್ ಎಂಬ ವಿದ್ವಾಂಸನು 1938ರಲ್ಲಿ ಮಾಡಿದ ಈ ಗಣಿತವು ಇಂದಿಗೂ ಚಾಲ್ತಿಯಲ್ಲಿದೆ. ಆ ಎರಡು ಎಡೆಗಳು ಕೇಂದ್ರದಿಂದ ಸುಮಾರು 66 ಮತ್ತು 121 ಮಿಲಿಮೀಟರು ದೂರದವು. ನನ್ನ ಕಾರ್ಟ್ರಿಜ್ ತನ್ನ ಸ್ಥಾನದಿಂದ ಮೂರು ಮಿಲಿಮೀಟರು ಹಿಂದಕ್ಕೆ, ತುಸು ವಾರೆಯಾಗಿ ಕುಳಿತಿತ್ತು. ಗುಂಡು ಎತ್ತ ತಿರುಗಿದರೂ ಗುಂಡೇ ಆದ್ದರಿಂದ ಉರುಟುಮೊನೆ ಈ ತಪ್ಪನ್ನು ಬಹುಮಟ್ಟಿಗೆ ನುಂಗಿಕೊಂಡಿತ್ತು. ಹರಿತವಾದ ಮೊನೆಯು ಗೆರೆಗೆ ಓರೆಯಾಗಿ ನಿಂತು, ಎಡಗೋಡೆಯನ್ನು ಒಂದು ಕ್ಷಣದಲ್ಲೂ ಬಲಗೋಡೆಯನ್ನು ಇನ್ನೊಂದು ಕ್ಷಣದಲ್ಲೂ ಓದುತ್ತಿತ್ತು. ಬೆಲೆಬಾಳುವ ಮುಳ್ಳನ್ನು ಕೊಂಡು ಅದನ್ನು ಕೂರಿಸುವ ವಿಧಾನವನ್ನು ಕಡೆಗಣಿಸುವವನು ನನ್ನಂತೆಯೇ ಮೂರ್ಖನೆಂದು ಇಲ್ಲಿ ಒಪ್ಪಿಕೊಳ್ಳಬೇಕಾಗಿದೆ.

ಮೆಕ್ಯಾನಿಕರು ಚೀಲದಿಂದ ಗೆರೆಗಳನ್ನೆಳೆದ ಒಂದು ರಟ್ಟನ್ನು ತೆಗೆದು ತಟ್ಟೆಯ ಜಾಗದಲ್ಲಿಟ್ಟು, ಎರಡು ಸ್ಕ್ರೂಗಳನ್ನು ಸಡಿಲಿಸಿ, ಕೂದಲೆಳೆಯಷ್ಟು ಮುಂದೆ ತಳ್ಳಿ, ಮತ್ತೆ ನೋಡಿ, ಮತ್ತೆ ತಳ್ಳಿ ಮುಕ್ಕಾಲು ಗಂಟೆ ಕಳೆದರು. ಅಂಗೈಯಗಲದ ತಕ್ಕಡಿಯ ಮೇಲೆ ಮುಳ್ಳನ್ನಿಳಿಸಿ ಭಾರವನ್ನು 2 ಗ್ರಾಮಿಗೆ ತಂದರು. ಆ ಬಳಿಕವೇ ತಟ್ಟೆ ತಿರುಗಿತು. ದ್ರುತದ ಕೊನೆಯ ತಾನುಗಳು ಒಂದೊಂದು ಸ್ವರವೂ ಬಿಡಿಬಿಡಿಯಾಗಿ, ಹಿಂದಿನ ತಂಬೂರಿಯೂ ಕಾಣುವಂತೆ ಬಂದುವು. ಅದುವರೆಗೆ ಹಾರ್ಮೋನಿಯಮ್ಮಿನ ದನಿಯೆಂದು ನಾನು ತಿಳಿದಿದ್ದ ಒಂದು ಎಳೆಯು ಜೊತೆಗೆ ಹಾಡುತ್ತಿದ್ದ ಶಿಷ್ಯನ ಕಂಠವೆಂದು ಅಂದು ಗೊತ್ತಾಯಿತು.

ಬೀರುವಿನ ಕೆಳಗಣ ಗೂಡಿನಲ್ಲಿ ಅರಗಿನ ತಟ್ಟೆಗಳ ಕಟ್ಟೊಂದು ಇನ್ನೂ ಉಳಿದಿದೆ. ಅವುಗಳ ಗೆರೆ ಎಲ್‌.ಪಿ.ಯದಕ್ಕಿಂತ ಬಹಳ ಅಗಲ. ಈ ಸಪುರಮೊನೆಯನ್ನು ಅವುಗಳ ಮೇಲಿಟ್ಟರೆ ಅದು ಗೋಡೆಗಳನ್ನು ಮುಟ್ಟದೆ ತಳದ ಕಸವನ್ನು ಗುಡಿಸಿಕೊಂಡು ಹೋಗುತ್ತದೆ, ಅರಗಿನ ಪುಡಿಗೆ ಸವೆದು ಕೆಡಲೂಬಹುದು. ಇದೇ ಒಡಲಿಗೆ ತೊಡಿಸಬಹುದಾದ 76 ಮೈಕ್ರಾನಿನ ದಪ್ಪಮೊನೆಯೊಂದು ಸಿಕ್ಕುತ್ತದೆ. ನನ್ನ ಟರ್ನ್‌ಟೇಬಲ್ಲಿಗೆ 78ರ ವೇಗವೇ ಇಲ್ಲವಾಗಿ, ಮೊದಲು ಆ ಮೋಟಾರಿನ ಸಂಗತಿಯನ್ನು ಮೆಕ್ಯಾನಿಕರಲ್ಲಿ ಕೇಳಬೇಕಾಗಿದೆ.