ಒಂದು ‘ರ’ಕಾರದ ಅಂತರ

ಕಿವುಡರ ಶಿಕ್ಷಕ ಬೇರೆ, ಕಿವುಡ ಶಿಕ್ಷಕ ಬೇರೆ. ಬರಹದಲ್ಲಿ ಎರಡಕ್ಕೂ ಇರುವ ಅಂತರ ಒಂದೇ ಒಂದು ‘ರ’ಕಾರ, ಮಗುವಿನ ಬದುಕಿನಲ್ಲಿ ಆ ಅಂತರ ಬಹಳ ದೊಡ್ಡದು. ಮೊದಲನೆಯವರು ಕಿವಿ ಕೇಳುವವರು, ಕಿವಿ ಕೇಳದ ಮಕ್ಕಳಿಗೆ ಕಲಿಸುವ ತರಬೇತಿ ಪಡೆದವರು. ಎರಡನೆಯವರು ಸ್ವತಃ ಕಿವುಡರು, ತಾವು ಬದುಕುವ ಭಾಷೆಯಲ್ಲೇ ಪಾಠ ಹೇಳುವವರು. ರಾಜ್ಯದ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ ಮೈಸೂರು, ಬೆಳಗಾವಿ, ಬಳ್ಳಾರಿ ಮತ್ತು ಕಲಬುರಗಿಯಲ್ಲಿ ಕಿವುಡ ಮಕ್ಕಳಿಗಾಗಿ ಸರ್ಕಾರಿ ವಸತಿ ಶಾಲೆಗಳನ್ನು ನಡೆಸುತ್ತದೆ. ಇಂಥ ಶಾಲೆಗೆ ಎಷ್ಟು ಕೊಠಡಿ, ಎಷ್ಟು ಶ್ರವಣ ಸಾಧನ, ಎಷ್ಟು ಹಾಸಿಗೆ ಬೇಕೆಂದು ಲೆಕ್ಕ ಹಾಕುವವರು ಕೇಳದೆ ಬಿಡುವ ಪ್ರಶ್ನೆಯೊಂದಿದೆ: ಇಲ್ಲಿ ಪಾಠ ಹೇಳುವವರಲ್ಲಿ ಕಿವುಡರು ಎಷ್ಟು ಜನ? ಕಿವುಡ ಶಿಕ್ಷಕರ ನೇಮಕವನ್ನು ನಾವು ಅನುಕಂಪದ ನೌಕರಿ ಎಂದೋ, ಮೀಸಲಾತಿಯ ಭರ್ತಿ ಎಂದೋ ನೋಡುತ್ತ ಬಂದಿದ್ದೇವೆ. ಅದು ಮಗುವಿಗೆ ಭಾಷೆ ದಾಟಿಸುವ ಕೆಲಸ, ಆ ಕೆಲಸಕ್ಕೆ ಅವರಷ್ಟು ತಕ್ಕವರು ಸಿಗುವುದು ಕಷ್ಟ ಎಂಬುದು ಈ ಲೇಖನದ ವಾದ.

ಭಾಷೆ ಮಗುವಿಗೆ ಬರುವುದು ತಾಯಿಯಿಂದ ಎಂದು ನಂಬಿದ್ದೇವೆ. ‘ತಾಯ್ನುಡಿ’ ಎಂಬ ಪದವೇ ಆ ನಂಬಿಕೆಯಿಂದ ಹುಟ್ಟಿದ್ದು. ಕಿವುಡ ಮಕ್ಕಳಲ್ಲಿ ಸುಮಾರು ಹತ್ತಕ್ಕೆ ಒಂಬತ್ತು ಮಕ್ಕಳು ಕಿವಿ ಕೇಳುವ ತಂದೆತಾಯಿಗೆ ಹುಟ್ಟುತ್ತಾರೆ. ಅಮ್ಮನ ಲಾಲಿ, ಅಜ್ಜಿಯ ಕತೆ, ಪಡಸಾಲೆಯ ಜಗಳ ಯಾವುದೂ ಅವರನ್ನು ಮುಟ್ಟುವುದಿಲ್ಲ. ಮನೆಯವರು ಕೈ ಕಟ್ಟಿ ಕೂರುವುದೂ ಇಲ್ಲ, ತಮಗೆ ತೋಚಿದ ಸನ್ನೆಗಳನ್ನು ಕಟ್ಟಿಕೊಳ್ಳುತ್ತಾರೆ. ಕಲಬುರಗಿ ಜಿಲ್ಲೆಯ ಕಮಲಾಪುರದ ಕಡೆಯ ಮನೆಯೊಂದರಲ್ಲಿ ಸಿಪ್ಪೆ ಸುಲಿದಂತೆ ಕೈಯಾಡಿಸಿದರೆ ಬಾಳೆಹಣ್ಣು ಎಂದಾಗುತ್ತದೆ. ಆ ಊರಿನ ಹೆಸರಾಂತ ಕೆಂಪು ಬಾಳೆಯನ್ನು ತೋರಿಸಲು ಪಕ್ಕದ ಕೆಂಪು ಬಟ್ಟೆಯತ್ತ ಬೆರಳು ಮಾಡಿದರೆ ಸಾಕು. ಕಣ್ಣೆದುರು ಇರುವ ವಸ್ತುವಿನ ಮಟ್ಟಿಗೆ ಈ ಸನ್ನೆ ಸಾಲುತ್ತದೆ. ‘ಹೋದ ವರ್ಷ ಮಳೆ ಬಾರದ್ದರಿಂದ ಬಾಳೆ ಕಡಿಮೆ, ಮುಂದಿನ ವರ್ಷ ಬಂದರೆ ನಿನಗೆ ಹೊಸ ಅಂಗಿ’ ಎಂದು ಹೇಳಬೇಕಾದರೆ ಸಾಲುವುದಿಲ್ಲ. ನಿನ್ನೆ, ನಾಳೆ, ಆದ್ದರಿಂದ, ಒಂದು ವೇಳೆ ಎಂಬುವಕ್ಕೆ ಬೆರಳು ಮಾಡಿ ತೋರಿಸಲು ಬರುವುದಿಲ್ಲ. ಅದಕ್ಕೆ ವ್ಯಾಕರಣವುಳ್ಳ ಭಾಷೆಯೇ ಬೇಕು. ಮನೆಯ ಸನ್ನೆಗೂ ಕಿವುಡ ಸಮುದಾಯದ ಸಂಜ್ಞಾ ಭಾಷೆಗೂ ಇರುವ ವ್ಯತ್ಯಾಸ ಇದು. ಆ ಭಾಷೆಯನ್ನು ಮಗು ಮೊದಲ ಬಾರಿಗೆ ಕಾಣುವುದು ಹೆಚ್ಚಾಗಿ ಶಾಲೆಯಲ್ಲಿ, ಅದೂ ಐದಾರು ವರ್ಷ ಕಳೆದ ಮೇಲೆ.

ಕಲಬುರಗಿಯಂಥ ಊರಿನಲ್ಲಿ ಈ ಮಾತಿಗೆ ಇನ್ನೊಂದು ಮಗ್ಗುಲಿದೆ. ಬ್ರಹ್ಮಪುರದ ಪೇಟೆಯಲ್ಲಿ ನಿಂತರೆ ಕನ್ನಡ, ದಖನಿ ಉರ್ದು, ಮರಾಠಿ, ತೆಲುಗು ಒಂದರ ಬೆನ್ನಿಗೊಂದು ಕಿವಿಗೆ ಬೀಳುತ್ತವೆ. ಈ ಎಲ್ಲ ಮನೆಗಳಿಂದ ಬಂದ ಕಿವುಡ ಮಕ್ಕಳು ಒಂದೇ ಬೆಂಚಿನಲ್ಲಿ ಕೂತಾಗ ಅವರಿಗೆ ಒಂದೇ ಸಂಜ್ಞಾ ಭಾಷೆ ಸಾಕಾಗುತ್ತದೆ. ಆ ಭಾಷೆ ಕನ್ನಡದ ಕೈ ಅನುವಾದವಲ್ಲ, ಇಂಗ್ಲಿಷಿನದೂ ಅಲ್ಲ. 1970ರ ದಶಕದಲ್ಲಿ ಅಮೆರಿಕದ ಭಾಷಾತಜ್ಞ ಜೇಮ್ಸ್ ವುಡ್‌ವರ್ಡ್ ಮತ್ತು ಸ್ವತಃ ಕಿವುಡರಾದ ಮದನ್ ವಸಿಷ್ಠ ಅವರ ತಂಡ ದೆಹಲಿ, ಕೋಲ್ಕತ್ತ, ಮುಂಬೈ, ಬೆಂಗಳೂರುಗಳ ಸಂಜ್ಞೆಗಳನ್ನು ಕಲೆಹಾಕಿ ಹೋಲಿಸಿತು. ಊರಿಂದೂರಿಗೆ ಪದಗಳು ಬದಲಾದರೂ ಒಳಗಿನ ಕಟ್ಟು ಒಂದೇ ಎಂಬುದು ಆಗ ಕಂಡಿತು. ಕೇಂದ್ರ ಸರ್ಕಾರ 2015ರಲ್ಲಿ ದೆಹಲಿಯಲ್ಲಿ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ತೆರೆಯಿತು. 2018ರಲ್ಲಿ 3,000 ಪದಗಳೊಂದಿಗೆ ಬಂದ ಅದರ ನಿಘಂಟು 2021ರ ಹೊತ್ತಿಗೆ 10,000 ಪದ ಮುಟ್ಟಿತು. ಇಷ್ಟೆಲ್ಲ ಆಗುವ ಮೊದಲು, ತರಗತಿಯಲ್ಲಿ ಕೈಯಾಡಿಸಬಾರದು ಎಂಬ ಕಟ್ಟಳೆ ಇದ್ದ ಕಾಲದಲ್ಲಿ, ಈ ಭಾಷೆಯನ್ನು ಉಳಿಸಿದ್ದು ಯಾವ ಸಂಸ್ಥೆಯೂ ಅಲ್ಲ. ಹಾಸ್ಟೆಲಿನಲ್ಲಿ ದೊಡ್ಡ ಹುಡುಗರು ಚಿಕ್ಕವರಿಗೆ ಅದನ್ನು ದಾಟಿಸುತ್ತ ಬಂದರು. ಕಿವುಡ ಶಿಕ್ಷಕರು ಆ ದೊಡ್ಡ ಹುಡುಗರ ಕೆಲಸವನ್ನೇ ಹಗಲಿನಲ್ಲಿ, ಕರಿಹಲಗೆಯ ಮುಂದೆ, ತರಬೇತಿಯೊಂದಿಗೆ ಮುಂದುವರಿಸುತ್ತಾರೆ.

ಅವರ ತರಗತಿಯನ್ನು ನೋಡಿದರೆ ಇದೊಂದು ಕಸುಬು ಎಂಬುದು ತಿಳಿಯುತ್ತದೆ. ಸಾಲುಬೆಂಚುಗಳ ಬದಲು ಅರ್ಧಚಂದ್ರಾಕಾರದ ಕೂಟ; ಪ್ರತಿ ಮಗುವಿಗೂ ಶಿಕ್ಷಕರು ಮಾತ್ರವಲ್ಲ, ಉಳಿದ ಮಕ್ಕಳ ಕೈಗಳೂ ಕಾಣಬೇಕು. ಕಿಟಕಿಗೆ ಬೆನ್ನು ಮಾಡಿ ನಿಂತರೆ ಮುಖ ನೆರಳಾಗುತ್ತದೆ, ಹಾಗಾಗಿ ಬೆಳಕು ಎದುರಿನಿಂದ ಬೀಳುವಂತೆ ನಿಲ್ಲುತ್ತಾರೆ. ಗಮನ ಸೆಳೆಯಲು ನೆಲಕ್ಕೆ ಕಾಲು ತಟ್ಟುವುದು, ದೀಪ ಆರಿಸಿ ಹೊತ್ತಿಸುವುದು, ಕೈ ಬೀಸುವುದು. ಕೇಳುವ ಮಗು ಪುಸ್ತಕ ನೋಡುತ್ತಲೇ ಮೇಷ್ಟರ ಮಾತು ಕೇಳಬಲ್ಲದು. ಕಿವುಡ ಮಗುವಿಗೆ ಕಣ್ಣೇ ಎರಡೂ ಕೆಲಸ ಮಾಡಬೇಕು. ಆದ್ದರಿಂದ ಮೊದಲು ಚಿತ್ರ, ಆಮೇಲೆ ಸಂಜ್ಞೆ, ಆಮೇಲೆ ಬರಹ, ನಡುನಡುವೆ ಮಗುವಿನ ಕಣ್ಣು ಮೇಲೇಳುವವರೆಗೆ ಕಾಯುವ ಬಿಡುವು. ಕೇಳುವ ಶಿಕ್ಷಕರು ಈ ಲಯವನ್ನು ಕಲಿಯಲಾರರು ಎಂದಲ್ಲ. ಕಲಿತವರು ಇದ್ದಾರೆ. ಆದರೆ ಹಲಗೆಗೆ ಮುಖ ಮಾಡಿ ಬರೆಯುತ್ತಲೇ ವಿವರಿಸುವ ಅಭ್ಯಾಸ ಅವರಿಗೆ ಆಗಾಗ ಮರುಕಳಿಸುತ್ತದೆ. ಕಿವುಡ ಶಿಕ್ಷಕರಿಗೆ ಕಣ್ಣಿನ ಲಯವೇ ಹುಟ್ಟುಗುಣ. ಅವರು ಅದನ್ನು ನೆನಪಿಟ್ಟುಕೊಳ್ಳಬೇಕಾದ ಪ್ರಮೇಯವೇ ಇಲ್ಲ.

‘ತುಟಿ ನೋಡಿ ಕಲಿಯಲಿ’ ಎಂಬ ಸಲಹೆ ಸುಲಭವಾಗಿ ಕೇಳಿಬರುತ್ತದೆ. ಕನ್ನಡದಲ್ಲೇ ಇದನ್ನು ಪರೀಕ್ಷಿಸಬಹುದು. ಕನ್ನಡಿಯ ಮುಂದೆ ನಿಂತು ಸದ್ದು ಮಾಡದೆ ‘ಬರ’, ‘ಮರ’, ‘ಪರ’ ಎನ್ನಿ: ತುಟಿಯ ಮೇಲೆ ಮೂರೂ ಒಂದೇ. ‘ತಾಯಿ’ ಮತ್ತು ‘ನಾಯಿ’ಗೆ ನಾಲಗೆ ಒಂದೇ ಜಾಗ ಮುಟ್ಟುತ್ತದೆ, ವ್ಯತ್ಯಾಸವಿರುವುದು ಮೂಗಿನ ಒಳಗೆ. ‘ಹಳ್ಳಿ’ ಮತ್ತು ‘ಹಲ್ಲಿ’ಯ ಭೇದ ಬಾಯಿಯ ಒಳಗೇ ಮುಗಿದುಹೋಗುತ್ತದೆ. ಕನ್ನಡ ಮೊದಲೇ ಬಲ್ಲವರು ಸಂದರ್ಭ ನೋಡಿ ಊಹಿಸಿಯಾರು. ಕನ್ನಡ ಕಲಿಯಬೇಕಾಗಿರುವ ಮಗು ಯಾವುದರ ಬಲದ ಮೇಲೆ ಊಹಿಸಬೇಕು? ಬರಹದಲ್ಲೂ ತೊಡಕುಗಳಿವೆ. ಮನೆಗೆ, ಮನೆಯಿಂದ, ಮನೆಯಲ್ಲಿ ಎಂದು ಕನ್ನಡ ಪದದ ಬಾಲಕ್ಕೆ ಕಟ್ಟುವ ಅರ್ಥವನ್ನು ಸಂಜ್ಞಾ ಭಾಷೆ ಗಾಳಿಯಲ್ಲಿ ಒಂದು ಜಾಗ ಗುರುತಿಸಿ, ಕೈ ಅತ್ತ ಹೋಯಿತೋ ಇತ್ತ ಬಂತೋ ಎಂಬುದರಿಂದ ತೋರಿಸುತ್ತದೆ. ಹಾಗಾಗಿ ಮಗು ‘ನಾನು ಮನೆ ಹೋದೆ’ ಎಂದು ಬರೆಯುತ್ತದೆ. ಸಂಜ್ಞಾ ಭಾಷೆ ಅರಿಯದವರಿಗೆ ಅದು ಬರೀ ತಪ್ಪು, ಕೆಂಪು ಗೆರೆ. ಎರಡೂ ದಡ ಬಲ್ಲ ಕಿವುಡ ಶಿಕ್ಷಕರಿಗೆ ಆ ತಪ್ಪಿನ ಮೂಲ ಗೊತ್ತು. ಕೈಯ ಚಲನೆಯನ್ನು ತೋರಿಸಿ, ಆ ಚಲನೆಯೇ ಇಲ್ಲಿ ‘ಗೆ’ ಆಗಿ ಬಂದು ಕೂತಿದೆ ಎಂದು ಕಲಿಸಬಲ್ಲರು. ಹಾಗೆಯೇ ಕೆಲವು ಕಡೆ ಎರಡೂ ಭಾಷೆಗಳು ಕೈ ಹಿಡಿದು ನಡೆಯುತ್ತವೆ. ಕನ್ನಡದ ‘ನಿನ್ನ ಹೆಸರೇನು’ ಎಂಬಂತೆ ಭಾರತೀಯ ಸಂಜ್ಞಾ ಭಾಷೆಯಲ್ಲೂ ಪ್ರಶ್ನೆಯ ಪದ ಕೊನೆಗೇ ಬರುತ್ತದೆ.

ಕಿವುಡರೇ ಕಿವುಡ ಮಕ್ಕಳಿಗೆ ಕಲಿಸುವುದು ಹೊಸ ವಿಚಾರವೇನೂ ಅಲ್ಲ. 1817ರಲ್ಲಿ ಅಮೆರಿಕದ ಹಾರ್ಟ್‌ಫರ್ಡಿನಲ್ಲಿ ಕಿವುಡರಿಗಾಗಿ ಶಾಲೆ ತೆರೆದಾಗ ಅದರ ಬೆನ್ನೆಲುಬಾಗಿ ನಿಂತವರು ಫ್ರಾನ್ಸಿನಿಂದ ಬಂದ ಲಾರಾಂ ಕ್ಲೆರ್ಕ್, ಅವರು ಕಿವುಡರು. ಗಾಳಿ ತಿರುಗಿದ್ದು 1880ರಲ್ಲಿ. ಮಿಲಾನಿನಲ್ಲಿ ಸೇರಿದ ಶಿಕ್ಷಕರ ಸಮ್ಮೇಳನ ಸಂಜ್ಞೆಯನ್ನು ಬಿಟ್ಟು ಬಾಯಿಮಾತಿನಲ್ಲೇ ಕಲಿಸಬೇಕೆಂದು ಠರಾವು ಮಾಡಿತು; ಠರಾವು ಮಾಡಿದವರು ಹೆಚ್ಚುಕಡಿಮೆ ಎಲ್ಲರೂ ಕಿವಿ ಕೇಳುವವರು. ಅದರ ಪರಿಣಾಮವನ್ನು ನರವೈದ್ಯ, ಲೇಖಕ ಆಲಿವರ್ ಸ್ಯಾಕ್ಸ್ 1989ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಅಂಕಿಗಳಲ್ಲಿ ಕೊಡುತ್ತಾರೆ. ಅಮೆರಿಕದ ಕಿವುಡ ಶಾಲೆಗಳಲ್ಲಿ 1850ರಲ್ಲಿ ಅರ್ಧದಷ್ಟಿದ್ದ ಕಿವುಡ ಶಿಕ್ಷಕರ ಪಾಲು 1960ಕ್ಕೆ ಶೇ 12ಕ್ಕೆ ಇಳಿದಿತ್ತು. ಭಾರತದ ಆರಂಭಿಕ ಶಾಲೆಗಳು ಹುಟ್ಟಿದ್ದು ಈ ಮಿಲಾನ್ ಗಾಳಿಯಲ್ಲೇ. ಮುಂಬೈಯಲ್ಲಿ 1880ರ ದಶಕದಲ್ಲಿ, ಕೋಲ್ಕತ್ತದಲ್ಲಿ 1893ರಲ್ಲಿ, ಮೈಸೂರಿನಲ್ಲಿ 1901ರಲ್ಲಿ ಶಾಲೆಗಳು ಬಂದವು. ಕಿವುಡರಿಗೆ ಶಾಲೆ ಕಟ್ಟಿಕೊಟ್ಟವರ ದೊಡ್ಡತನ ಪ್ರಶ್ನಾತೀತ. ಆದರೆ ಶಾಲೆಯ ಭಾಷೆ ಯಾವುದಿರಬೇಕೆಂದು ಕಿವುಡರನ್ನು ಕೇಳುವ ಪದ್ಧತಿ ಆಗ ಬೆಳೆಯಲಿಲ್ಲ. 2010ರಲ್ಲಿ ವ್ಯಾಂಕೂವರಿನಲ್ಲಿ ಸೇರಿದ ಅಂಥದೇ ಸಮ್ಮೇಳನ ಮಿಲಾನ್ ಠರಾವನ್ನು ತಳ್ಳಿಹಾಕಿ ವಿಷಾದ ಸೂಚಿಸಿತು. ಅಷ್ಟರಲ್ಲಿ 130 ವರ್ಷ ಸಂದಿದ್ದವು.

ಇಲ್ಲಿ ಎದುರು ವಾದಗಳನ್ನು ಕೇಳಿಸಿಕೊಳ್ಳಬೇಕು. ಮೊದಲನೆಯದು: ಮಗು ನಾಳೆ ಬಾಳಬೇಕಾದ್ದು ಕೇಳುವವರ ನಡುವೆ, ಸಂಜ್ಞೆ ಕಲಿಸಿದರೆ ಮಾತು ಕಲಿಯದು. ಭಯ ಸಹಜ, ಆಧಾರ ದುರ್ಬಲ. ರೇಚಲ್ ಮೇಬೆರಿ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಳವೆಯಲ್ಲೇ ಸಂಜ್ಞಾ ಭಾಷೆ ದಕ್ಕಿದ್ದ ಕಿವುಡರು ಮುಂದೆ ಇಂಗ್ಲಿಷಿನಲ್ಲಿ, ಎಳವೆಯಲ್ಲಿ ಯಾವ ಭಾಷೆಯೂ ದಕ್ಕದವರಿಗಿಂತ ಬಹಳ ಮುಂದಿದ್ದರು. ಒಂದು ಭಾಷೆ ಇನ್ನೊಂದಕ್ಕೆ ಮೆಟ್ಟಿಲಾಗುತ್ತದೆಯೇ ಹೊರತು ಅಡ್ಡಗೋಡೆಯಾಗುವುದಿಲ್ಲ. ಎರಡನೆಯದು ಕಾಕ್ಲಿಯರ್ ಇಂಪ್ಲಾಂಟಿನ ವಾದ: ಶಸ್ತ್ರಚಿಕಿತ್ಸೆಯೇ ಕಿವಿ ತೆರೆಸುವಾಗ ಇದೆಲ್ಲ ಯಾಕೆ? ಅದು ಎಷ್ಟೋ ಮಕ್ಕಳಿಗೆ ವರವಾಗಿದೆ. ಕೇಂದ್ರದ ಅಡಿಪ್ ಯೋಜನೆಯೂ ಅದಕ್ಕೆ ನೆರವು ಕೊಡುತ್ತದೆ. ಆದರೆ ಯಂತ್ರ ಅಳವಡಿಸಿದ ದಿನವೇ ಭಾಷೆ ಬರುವುದಿಲ್ಲ. ವರ್ಷಗಟ್ಟಲೆ ತರಬೇತಿ ಬೇಕು, ಬ್ಯಾಟರಿ ಬೇಕು, ಕೆಟ್ಟರೆ ರಿಪೇರಿ ಬೇಕು, ಇವುಗಳಿಗಾಗಿ ಹಳ್ಳಿಯಿಂದ ನಗರಕ್ಕೆ ಮತ್ತೆ ಮತ್ತೆ ಬರುವ ಕೂಲಿ ನಷ್ಟವನ್ನೂ ತಾಳಿಕೊಳ್ಳಬೇಕು. ಚಿಕಿತ್ಸೆಯ ವಯಸ್ಸು ಮೀರಿದ ಮಕ್ಕಳು ಇದ್ದೇ ಇರುತ್ತಾರೆ. ಯಂತ್ರ ಫಲ ಕೊಡುವವರೆಗೆ ಮಗುವಿನ ಮನಸ್ಸನ್ನು ಭಾಷೆಯಿಲ್ಲದೆ ಖಾಲಿ ಬಿಡುವುದು ಯಾವ ವೈದ್ಯಕೀಯ?

ಮೂರನೆಯ ಆಕ್ಷೇಪ ಹೆಚ್ಚು ತೂಕದ್ದು: ಯೋಗ್ಯತೆಯುಳ್ಳ ಕಿವುಡ ಅಭ್ಯರ್ಥಿಗಳು ಎಲ್ಲಿದ್ದಾರೆ? ಕಿವುಡುತನವೇ ಒಂದು ಪದವಿಯಲ್ಲ ಎಂಬುದನ್ನು ಒಪ್ಪಲೇಬೇಕು. ಗಣಿತ ಬಾರದವರು ಗಣಿತ ಕಲಿಸಲಾರರು. ಮಾತಿನ ತರಬೇತಿ, ಶ್ರವಣ ಪರೀಕ್ಷೆ, ಸನ್ನೆ ಬಾರದ ಪೋಷಕರೊಂದಿಗೆ ಸಭೆ ಇವೆಲ್ಲ ಕೇಳುವ ಶಿಕ್ಷಕರಿಗೇ ಸುಲಭ. ಆದ್ದರಿಂದ ಬೇಕಿರುವುದು ಜೋಡೆತ್ತಿನ ವ್ಯವಸ್ಥೆ, ಇಬ್ಬರೂ ಒಂದೇ ನೊಗಕ್ಕೆ. ಅಭ್ಯರ್ಥಿಗಳ ಕೊರತೆಯಂತೂ ನಾವೇ ನೇಯ್ದ ಬಲೆ: ಭಾಷೆ ಸಿಗದ ಶಾಲೆಯಿಂದ ಅರೆಕಲಿತು ಹೊರಬಂದವರು ಶಿಕ್ಷಕರಾಗಲಾರರು, ಅವರು ಶಿಕ್ಷಕರಾಗದ ಶಾಲೆಯಲ್ಲಿ ಮುಂದಿನ ತಲೆಮಾರೂ ಅರೆಕಲಿಯುತ್ತದೆ. ದೆಹಲಿಯ ಕೇಂದ್ರ ಸಂಜ್ಞಾ ಭಾಷೆ ಕಲಿಸುವ ಡಿಪ್ಲೊಮಾವನ್ನು ಕಿವುಡರಿಗಾಗಿಯೇ ನಡೆಸುತ್ತಿರುವುದು ಈ ಬಲೆ ಕಡಿಯಲು ಒಂದು ಕತ್ತರಿ. ಕಾನೂನೂ ಜೊತೆಗಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 17ನೇ ಕಲಂ, ಸಂಜ್ಞಾ ಭಾಷೆಯಲ್ಲಿ ಅರ್ಹತೆ ಪಡೆದ ಶಿಕ್ಷಕರನ್ನು, ಅವರಲ್ಲಿ ವಿಕಲಚೇತನ ಶಿಕ್ಷಕರನ್ನೂ ಸೇರಿಸಿ, ತರಬೇತುಗೊಳಿಸಿ ನೇಮಿಸಬೇಕೆನ್ನುತ್ತದೆ.

ಕಿವುಡ ಶಿಕ್ಷಕರ ದಿನ ಶಾಲೆಯ ಗಂಟೆಯೊಂದಿಗೆ ಮುಗಿಯುವುದಿಲ್ಲ. ವಿಚಿತ್ರವೆಂದರೆ, ತರಗತಿಯಲ್ಲಿ ಅತ್ಯಂತ ಮಾತುಗಾರರಾದವರು ಸಿಬ್ಬಂದಿ ಕೊಠಡಿಯಲ್ಲಿ ಒಂಟಿಯಾಗಬಹುದು. ಸಹೋದ್ಯೋಗಿಗಳ ಹರಟೆ ಎರಡು ಸಾಲಿನ ಚೀಟಿಯಾಗಿ ಕೈಗೆ ಬರುತ್ತದೆ. ಸಭೆಗೆ ದುಭಾಷಿ ಇರುವುದಿಲ್ಲ. ಹೊರಗೆ ಬಂದರೆ ಚಿತ್ರ ಬದಲಾಗುತ್ತದೆ. ಓದುಬರಹ ಬಲ್ಲ ಕಿವುಡರು ಸಮುದಾಯಕ್ಕೆ ಅರ್ಜಿ ಬರೆಯುವವರು, ಬ್ಯಾಂಕಿನ ಪತ್ರ ಓದಿ ಹೇಳುವವರು, ಮದುವೆಯ ಮಾತುಕತೆಗೆ ನಡುವಿನವರು. ಸೆಪ್ಟೆಂಬರ್ 23ರ ಅಂತರರಾಷ್ಟ್ರೀಯ ಸಂಜ್ಞಾ ಭಾಷಾ ದಿನದ ಸಭೆಗೆ ಜನ ಸೇರಿಸುವವರೂ ಅವರೇ. ಅಲ್ಲಿ ಚಪ್ಪಾಳೆ ಎಂದರೆ ಮೇಲೆತ್ತಿ ಅಲುಗಿಸುವ ಕೈಗಳು. ಅಗ್ಗದ ಡೇಟಾ ಬಂದ ಮೇಲೆ ಕಲಬುರಗಿಯ ಗೆಳೆಯರು ಬೀದರಿನ, ಬೆಂಗಳೂರಿನ ಗೆಳೆಯರೊಂದಿಗೆ ವಿಡಿಯೊ ಕರೆಯಲ್ಲಿ ಗಂಟೆಗಟ್ಟಲೆ ಕೈ ಮಾತಾಡಬಹುದು. ಈ ಬದುಕನ್ನು ಕಂಡವರು ‘ಮೂಗ ಕಂಡ ಕನಸು’ ಎಂಬ ಗಾದೆಯನ್ನು ಅಷ್ಟು ಸಲೀಸಾಗಿ ಬಳಸಲಾರರು. ಕನಸು ಹೇಳಲು ಅವರಿಗೆ ಬರುತ್ತದೆ. ಕೊರತೆ ಇರುವುದು ಎದುರಿಗೆ ಕೂತವರಲ್ಲಿ. ಗೌರಿಬಿದನೂರು ತಾಲ್ಲೂಕಿನ ಅಲೀಪುರ ಇದಕ್ಕೆ ಸಾಕ್ಷಿ. ಅನುವಂಶಿಕ ಕಿವುಡುತನ ಹೆಚ್ಚಿರುವ ಆ ಊರಿನಲ್ಲಿ ಊರಿನದೇ ಸಂಜ್ಞಾ ಭಾಷೆಯೊಂದು ಬೆಳೆದಿದೆ. 2012ರಲ್ಲಿ ಅದರ ಬಗ್ಗೆ ಬರೆದ ಕಿವುಡ ಸಂಶೋಧಕ ಸಿಬಾಜಿ ಪಾಂಡಾ, ಕೇಳುವವರಲ್ಲೂ ಅನೇಕರು ಅದನ್ನು ಬಳಸುವುದನ್ನು ದಾಖಲಿಸಿದ್ದಾರೆ.

ಕೊನೆಯ ಆಕ್ಷೇಪ ಸಮನ್ವಯ ಶಿಕ್ಷಣದವರದು: ಮಗುವನ್ನು ಮನೆಯಿಂದ ಕಿತ್ತು ವಸತಿ ಶಾಲೆಗೆ ಹಾಕುವುದೇಕೆ, ಊರ ಶಾಲೆಯಲ್ಲೇ ಎಲ್ಲರೊಂದಿಗೆ ಕೂರಲಿ. ತತ್ವ ಉದಾತ್ತ. ಆದರೆ ನಲವತ್ತು ಮಕ್ಕಳ ನಡುವೆ ಭಾಷೆಯಿಲ್ಲದೆ ಕೂತ ಒಂದು ಮಗು ಹಾಜರಿ ಪುಸ್ತಕದಲ್ಲಷ್ಟೇ ಎಲ್ಲರೊಂದಿಗೆ ಇರುತ್ತದೆ. ಸಮನ್ವಯ ನಿಜವಾಗಬೇಕಾದರೆ ಭಾಷೆ ಶಾಲೆಗಿಂತ ಮೊದಲೇ ಮನೆ ಸೇರಬೇಕು. ಕಲಬುರಗಿಯಲ್ಲಿರುವಂಥ ಶಾಲೆಯ ಕಿವುಡ ಶಿಕ್ಷಕರು ವಾರಕ್ಕೊಮ್ಮೆ ಕಮಲಾಪುರದ ಅಂಗನವಾಡಿಗೆ ಹೋಗಿ, ಒಂದೆರಡು ವರ್ಷದ ಕಿವುಡ ಮಗುವಿಗೂ ಅದರ ತಾಯಿಗೂ ಒಟ್ಟಿಗೇ ಸಂಜ್ಞೆ ಕಲಿಸುವಂತಾದರೆ, ಶಾಲೆ ಊರಲ್ಲಿರಲಿ ನಗರದಲ್ಲಿರಲಿ, ಆ ಮಗು ಖಾಲಿ ಕೈಯಲ್ಲಿ ಬಾಗಿಲು ದಾಟುವುದಿಲ್ಲ. ಇದಕ್ಕೆ ಬೇಕಾದದ್ದು ಹೊಸ ಕಟ್ಟಡವಲ್ಲ. ಒಂದು ಹುದ್ದೆ, ಒಂದು ಬಸ್ ಪಾಸು, ಆ ಓಡಾಟವನ್ನು ಕರ್ತವ್ಯವೆಂದು ಬರೆದುಕೊಳ್ಳುವ ಒಂದು ಆದೇಶ. ಅಷ್ಟಾದರೆ ತಾಯ್ನುಡಿ ಎಂಬ ಪದ ಕಿವುಡ ಮಗುವಿನ ಮಟ್ಟಿಗೂ ಸುಳ್ಳಾಗದು: ನುಡಿಯನ್ನು ಶಿಕ್ಷಕರು ಮೊದಲು ತಾಯಿಗೆ ಕೊಟ್ಟಿರುತ್ತಾರೆ, ಮಗು ಅದನ್ನು ತಾಯಿಯಿಂದಲೇ ಪಡೆಯುತ್ತದೆ.